ಅರಿಶಿನ, ಶುಂಠಿ, ಮೆಣಸು ಮತ್ತು ಊತ-ನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ಆಲೂರು, ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆ ಶುಂಠಿ, ಮೆಣಸು, ಅರಿಶಿನವನ್ನು ಅಂಗಡಿಯಿಂದಲೇ ತರಬೇಕೆಂದೇನಿಲ್ಲ. ಹೊಲದಲ್ಲೋ ತೋಟದಲ್ಲೋ ಹಿತ್ತಲಲ್ಲೋ ಸಿಗುತ್ತವೆ. ಹಾಗಾಗಿ ಮಂಡಿ ನೋವಿಗೆ, ಕೀಲು ಊತಕ್ಕೆ ಇವನ್ನು ಎಷ್ಟು ತಗೊಳ್ಳಬೇಕು, ಹೇಗೆ ತಗೊಳ್ಳಬೇಕು ಅನ್ನುವ ಪ್ರಶ್ನೆಗಳೂ ಇಲ್ಲಿ ಹೆಚ್ಚು. ಕೆಳಗಿನ ಉತ್ತರಗಳನ್ನು ಓದುವಾಗ ಒಂದು ವಿಷಯ ನೆನಪಿರಲಿ: ಅಡುಗೆಗೆ ಹಾಕುವ ಪ್ರಮಾಣ ಬೇರೆ, ಮದ್ದಿನ ಪ್ರಮಾಣ ಬೇರೆ. ಗೊಂದಲವೆಲ್ಲ ಹುಟ್ಟುವುದು ಇವೆರಡೂ ಒಂದೇ ಅಂದುಕೊಂಡಾಗ.

ಉರಿಯೂತ ಅಂದರೇನು? ಅದು ಯಾವಾಗಲೂ ಕೆಟ್ಟದ್ದೇ?

ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದಲ್ಲ, ಅದೇ ಉರಿಯೂತ. ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ, ಬಿಳಿ ರಕ್ತಕಣಗಳು ಬಂದು ಸೇರುತ್ತವೆ, ಕೊಳೆ ತೆಗೆದು ಗಾಯ ಮಾಯಿಸುವ ಕೆಲಸ ಶುರುವಾಗುತ್ತದೆ. ಇದು ಇಲ್ಲದಿದ್ದರೆ ಸಣ್ಣ ಗಾಯವೂ ವಾಸಿಯಾಗದು. ತೊಂದರೆ ಕೊಡುವುದು, ಕೆಲಸ ಮುಗಿದ ಮೇಲೂ ನಿಲ್ಲದೆ ತಿಂಗಳುಗಟ್ಟಲೆ ನಡೆಯುವ ಉರಿಯೂತ.

ಮಂಡಿ ಸವೆತವೂ ರುಮಟಾಯ್ಡ್ ಸಂಧಿವಾತವೂ ಒಂದೇ ಅಲ್ಲ. ಊರಲ್ಲಿ ಎರಡಕ್ಕೂ ‘ವಾಯು’ ಅಂದುಬಿಡುತ್ತಾರೆ. ಸವೆತದಲ್ಲಿ ಮೃದ್ವಸ್ಥಿ ಹಾಳಾಗಿರುತ್ತದೆ, ಉರಿಯೂತದ ಪಾಲು ಕಡಿಮೆ. ರುಮಟಾಯ್ಡ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಗಿಡಮೂಲಿಕೆಯಿಂದ ಸಿಗುವ ಅಲ್ಪಸ್ವಲ್ಪ ಉಪಶಮನ ಮೊದಲನೆಯದಕ್ಕೆ ಸಾಕಾಗಬಹುದು. ಎರಡನೆಯದರಲ್ಲಿ ಅದನ್ನೇ ನಂಬಿ ಕೂತರೆ ಕೀಲು ಶಾಶ್ವತವಾಗಿ ಸೊಟ್ಟಗಾಗಬಹುದು.

ಗಿಡದಲ್ಲಿರುವ ಅಂಶ ಊತವನ್ನು ತಗ್ಗಿಸುವುದು ಹೇಗೆ?

ಇದಕ್ಕೆ ಹಳೆಯ ಮತ್ತು ಸ್ಪಷ್ಟ ಉದಾಹರಣೆ ವಿಲೋ ಮರದ ತೊಗಟೆ. ಅದರಲ್ಲಿನ ಸ್ಯಾಲಿಸಿನ್ ಜಾಡು ಹಿಡಿದು ಹೋಗಿಯೇ 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಆಸ್ಪಿರಿನ್ ತಯಾರಾಯಿತು. ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಾಗಲು 1971ರವರೆಗೆ ಕಾಯಬೇಕಾಯಿತು. ನೋವು ಮತ್ತು ಊತಕ್ಕೆ ಕಾರಣವಾಗುವ ಪ್ರೊಸ್ಟಗ್ಲ್ಯಾಂಡಿನ್‌ಗಳ ತಯಾರಿಯನ್ನೇ ಆಸ್ಪಿರಿನ್ ತಡೆಯುತ್ತದೆ ಎಂದು ಜಾನ್ ವೇನ್ ತೋರಿಸಿದರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು.

ಅರಿಶಿನದ ಕರ್ಕ್ಯುಮಿನ್, ಶುಂಠಿಯ ಜಿಂಜರಾಲ್ ಕೂಡ ಪ್ರಯೋಗಾಲಯದಲ್ಲಿ ಇದೇ ದಾರಿಯನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತವೆ. ಜೊತೆಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೊಟೀನನ್ನೂ ತಗ್ಗಿಸುತ್ತವೆ. ಜೀವಕೋಶದೊಳಗೆ ಉರಿಯೂತದ ಜೀನ್‌ಗಳನ್ನು ಎಬ್ಬಿಸುವುದು ಈ ಪ್ರೊಟೀನು. ಒಣಮೆಣಸಿನಕಾಯಿಯ ಕ್ಯಾಪ್ಸೈಸಿನ್ನಿನದು ಬೇರೆಯೇ ದಾರಿ. ಅದು ಖಾರ ಮತ್ತು ಬಿಸಿಯನ್ನು ಗುರುತಿಸುವ ನರದ ಗ್ರಾಹಕಕ್ಕೆ ಅಂಟಿಕೊಂಡು ಮೊದಲು ಉರಿಸುತ್ತದೆ, ಮತ್ತೆ ಮತ್ತೆ ಹಚ್ಚಿದಾಗ ಆ ನರವನ್ನು ದಣಿಸುತ್ತದೆ. ಈ ಗ್ರಾಹಕವನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು.

‘ಪ್ರಯೋಗಾಲಯದಲ್ಲಿ’ ಅನ್ನುವ ಮಾತನ್ನು ಗಮನವಿಟ್ಟು ಓದಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ನೇರವಾಗಿ ಸುರಿದ ಅಂಶವೇ ಬೇರೆ. ಬಾಯಿ, ಜಠರ, ಕರುಳು, ಯಕೃತ್ತು ದಾಟಿ ಮಂಡಿಯ ಕೀಲಿಗೆ ಹೋಗಿ ಸೇರಬೇಕಾದ ಅಂಶವೇ ಬೇರೆ. ಕರ್ಕ್ಯುಮಿನ್ ಬಗ್ಗೆ ಸಾವಿರಾರು ಪ್ರಬಂಧಗಳು ಬಂದಿವೆ, ಅವುಗಳಲ್ಲಿ ಕೆಲವನ್ನು ಹಿಂತೆಗೆದುಕೊಂಡದ್ದೂ ಆಗಿದೆ. ಸಾಲದ್ದಕ್ಕೆ ಆ ಅಂಶ ತಾನೇ ಹೊಳೆಯುವ ಸ್ವಭಾವದ್ದು. ಬೆಳಕಿನಿಂದ ಅಳೆಯುವ ಪರೀಕ್ಷೆಗಳಲ್ಲಿ ಇಲ್ಲದ ಪರಿಣಾಮವನ್ನೂ ಇದ್ದಂತೆ ತೋರಿಸಬಲ್ಲದು.

ದಿನಾ ರಾತ್ರಿ ಅರಿಶಿನದ ಹಾಲು ಕುಡಿದರೆ ಮಂಡಿ ನೋವು ಹೋಗುತ್ತಾ?

ಒಂದು ಟೀ ಚಮಚ ಅರಿಶಿನ ಪುಡಿ ಸುಮಾರು 3 ಗ್ರಾಂ ತೂಗುತ್ತದೆ. ಸಾಮಾನ್ಯ ಪುಡಿಯಲ್ಲಿ ಕರ್ಕ್ಯುಮಿನ್ ಗುಂಪಿನ ಅಂಶ ನೂರಕ್ಕೆ 3ರ ಆಸುಪಾಸು. ಅಂದರೆ ಒಂದು ಚಮಚದಲ್ಲಿ 90 ಮಿಲಿಗ್ರಾಂ. ಹಾಲಿಗೆ ನಾವು ಹಾಕುವುದು ಕಾಲು ಚಮಚ, ಅದರಲ್ಲಿ ಸಿಗುವುದು 20-25 ಮಿಲಿಗ್ರಾಂ.

ಈಗ ಮಂಡಿ ಸವೆತದ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯನ್ನು ನೋಡೋಣ. ಥಾಯ್ಲೆಂಡ್‌ನಲ್ಲಿ 367 ರೋಗಿಗಳನ್ನು ಎರಡು ಗುಂಪು ಮಾಡಿ, 4 ವಾರ ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಅರಿಶಿನದ ಸಾರ, ಇನ್ನೊಂದಕ್ಕೆ 1,200 ಮಿಲಿಗ್ರಾಂ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಕೊಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೋವು ಇಳಿದ ಮಟ್ಟಿಗೆ ಎರಡೂ ಹತ್ತಿರ ಹತ್ತಿರ ಇದ್ದವು. ಹೊಟ್ಟೆಯ ತೊಂದರೆ ಸಾರ ತೆಗೆದುಕೊಂಡವರಲ್ಲಿ ಕಡಿಮೆ. ಒಳ್ಳೆಯ ಸುದ್ದಿಯೇ. ಆದರೆ ಆ ಸಾರದ ಬಹುಪಾಲು ಕರ್ಕ್ಯುಮಿನ್ನೇ, ಅಷ್ಟಕ್ಕೆ ಸಮನಾಗಬೇಕಾದರೆ ಅಡುಗೆಯ ಅರಿಶಿನ ದಿನಕ್ಕೆ ಸುಮಾರು 40 ಗ್ರಾಂ, ಹದಿಮೂರು ಟೀ ಚಮಚ ತಿನ್ನಬೇಕು. ಅದು ಆಗುವ ಮಾತಲ್ಲ, ತಿನ್ನಲೂಬಾರದು.

ಹಾಗಾದರೆ ಅರಿಶಿನದ ಹಾಲು ದಂಡವೇ? ಬಿಸಿ ಹಾಲು ಗಂಟಲಿಗೆ ಹಿತ, ಒಳ್ಳೆಯ ನಿದ್ದೆ ಬಂದರೆ ನೋವೂ ಕಡಿಮೆ ಅನ್ನಿಸುತ್ತದೆ. ರುಚಿಗೆ ಕುಡಿಯಿರಿ, ಅಡ್ಡಿಯಿಲ್ಲ. ಮಂಡಿಗೆ ಮದ್ದು ಅಂತ ಕುಡಿದು, ಆಗಲಿಲ್ಲವೆಂದು ಚಮಚಗಟ್ಟಲೆ ಏರಿಸುತ್ತಾ ಹೋಗುವುದು ಬೇಡ. ಅರಿಶಿನದಲ್ಲಿ ಆಕ್ಸಲೇಟ್ ಹೆಚ್ಚು. ಮೂತ್ರಪಿಂಡದಲ್ಲಿ ಕಲ್ಲು ಆದವರಿಗೆ ಚಮಚಗಟ್ಟಲೆ ಅರಿಶಿನ ತಿನ್ನುವ ಅಭ್ಯಾಸ ಒಳ್ಳೆಯದಲ್ಲ.

ಕಾಳುಮೆಣಸು ಸೇರಿಸಿದರೆ ಇಪ್ಪತ್ತು ಪಟ್ಟು ಹೀರಿಕೊಳ್ಳುತ್ತದೆ ಅಂತಾರೆ. ನಿಜವೇ?

ಈ ಲೆಕ್ಕ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಪ್ರಕಟಿಸಿದ ಕೆಲಸ ಅದು. 2 ಗ್ರಾಂ ಶುದ್ಧ ಕರ್ಕ್ಯುಮಿನ್ ಜೊತೆ, ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ನೂರಕ್ಕೆ 2,000ದಷ್ಟು ಹೆಚ್ಚಿತು. ಸಂಖ್ಯೆ ದೊಡ್ಡದಾಗಿ ಕಾಣುವುದಕ್ಕೆ ಒಂದು ಕಾರಣ, ಬರೀ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಇಲ್ಲವೆನ್ನುವಷ್ಟರ ಇಪ್ಪತ್ತು ಪಟ್ಟು ಕೂಡ ಬಹಳವೇನಲ್ಲ.

ಕಾಳುಮೆಣಸಿನಲ್ಲಿ ಪೈಪರಿನ್ ನೂರಕ್ಕೆ 5ರಷ್ಟು ಅಂತ ಹಿಡಿದರೆ 20 ಮಿಲಿಗ್ರಾಂಗೆ 0.4 ಗ್ರಾಂ ಮೆಣಸು, ಅಂದರೆ ಎಂಟು ಹತ್ತು ಕಾಳು ಬೇಕು. ಮೆಣಸಿನ ಸಾರಿನಲ್ಲಿ ಇದು ಸಲೀಸಾಗಿ ಬಂದುಬಿಡುತ್ತದೆ. ಹೊಸದಾಗಿ ಕುಟ್ಟಿದ ಮೆಣಸೇ ಒಳ್ಳೆಯದು.

ಜನ ಮರೆಯುವ ವಿಷಯ ಇನ್ನೊಂದಿದೆ. ಪೈಪರಿನ್ ಈ ಕೆಲಸ ಮಾಡುವುದು ಕರುಳು ಮತ್ತು ಯಕೃತ್ತಿನ ವಿಲೇವಾರಿ ವ್ಯವಸ್ಥೆಯನ್ನು ನಿಧಾನಿಸಿ. ಆ ವ್ಯವಸ್ಥೆ ಕರ್ಕ್ಯುಮಿನ್ನಿಗೆ ಮಾತ್ರ ಇರುವುದಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್ ಕೂಡ ರಕ್ತದಲ್ಲಿ ಏರುತ್ತವೆ. ಸಾರಿಗೆ ಹಾಕಿದ ಮೆಣಸಿಗೆ ಹೆದರಬೇಕಿಲ್ಲ. ಪೈಪರಿನ್ ಸೇರಿಸಿದ ಮಾತ್ರೆಯನ್ನು ದಿನಾ ನುಂಗುವವರು ಡಾಕ್ಟರಿಗೆ ಹೇಳಲೇಬೇಕು.

ಕುದಿಸಿದರೆ, ಕುಕ್ಕರಿನಲ್ಲಿ ಬೇಯಿಸಿದರೆ ಸತ್ವ ಹೋಗುತ್ತಾ?

ಸ್ವಲ್ಪ ಹೋಗುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2007ರಲ್ಲಿ ಇದನ್ನೇ ಅಳೆದರು. ಬೇಯಿಸಿದಾಗ ಕರ್ಕ್ಯುಮಿನ್ ನೂರಕ್ಕೆ 27ರಿಂದ 53ರಷ್ಟು ಕಳೆಯಿತು. ಅತಿ ಹೆಚ್ಚು ನಷ್ಟ ಆದದ್ದು ಕುಕ್ಕರಿನಲ್ಲಿ 10 ನಿಮಿಷ ಬೇಯಿಸಿದಾಗ. ಹುಣಸೆಹುಳಿ ಜೊತೆಗಿದ್ದಾಗ ನಷ್ಟ 12ರಿಂದ 30ಕ್ಕೆ ಇಳಿಯಿತು. ಮೆಣಸಿನ ಪೈಪರಿನ್ 16ರಿಂದ 34ರಷ್ಟು ಕಡಿಮೆಯಾಯಿತು.

ಹುಳಿ ಕಾಪಾಡುವುದಕ್ಕೆ ಕಾರಣ ಇದೆ. ಕರ್ಕ್ಯುಮಿನ್ನಿಗೆ ಆಮ್ಲ ಒಗ್ಗುತ್ತದೆ, ಕ್ಷಾರ ಒಗ್ಗದು. ಆರತಿ ತಟ್ಟೆಯ ನೀರಿಗೆ ಅರಿಶಿನ ಹಾಕಿ ಚಿಟಿಕೆ ಸುಣ್ಣ ಬೆರೆಸಿದ ಕೂಡಲೇ ಕೆಂಪಾಗುವುದು ಕ್ಷಾರದಲ್ಲಿ ಅದರ ರೂಪ ಬದಲಾಗುವುದರಿಂದ. ಆ ಸ್ಥಿತಿಯಲ್ಲಿ ಬಿಟ್ಟರೆ ಬೇಗ ಒಡೆದುಹೋಗುತ್ತದೆ. ಹಾಗಾಗಿ ಬೇಳೆ ಬೇಗ ಬೇಯಲೆಂದು ಅಡುಗೆ ಸೋಡ ಹಾಕುವ ಕಡೆ ಅರಿಶಿನವನ್ನು ಕೊನೆಗೆ ಹಾಕಿ. ನೀರಿನಲ್ಲಿ ಅದು ಕರಗುವುದೇ ಇಲ್ಲ ಅನ್ನಬೇಕು, ಎಣ್ಣೆ ತುಪ್ಪದಲ್ಲಿ ಕರಗುತ್ತದೆ. ಒಗ್ಗರಣೆಯ ಎಣ್ಣೆ ಕಾದು ಉರಿ ಸಣ್ಣಗೆ ಮಾಡಿದ ಮೇಲೆ ಅರಿಶಿನ ಹಾಕಿ ಕೆಲವೇ ಸೆಕೆಂಡು ಬಿಟ್ಟು ಬೇಯಿಸಿದ ಬೇಳೆಯನ್ನು ಸುರಿಯುವುದು ರುಚಿಗೂ ಸರಿ, ರಸಾಯನಶಾಸ್ತ್ರಕ್ಕೂ ಸರಿ. ಹೊಗೆಯಾಡುವ ಎಣ್ಣೆಗೆ ಹಾಕಿದರೆ ಕಪ್ಪಾಗಿ ಕಹಿಯಾಗುತ್ತದೆ.

ಹಿತ್ತಲ ಅರಿಶಿನವನ್ನು ಮನೆಯಲ್ಲೇ ಪುಡಿ ಮಾಡುವುದು ಹೇಗೆ?

ಗಿಡದ ಎಲೆ ಪೂರ್ತಿ ಹಳದಿಯಾಗಿ ಒಣಗಿದ ಮೇಲೆ ಗೆಡ್ಡೆ ಕೀಳಿ. ಮಣ್ಣು ತೊಳೆದು ತಾಯಿಗೆಡ್ಡೆ, ಮರಿಗೆಡ್ಡೆ ಬೇರೆ ಮಾಡಿ. ಎರಡೂ ಬೇಯುವ ಸಮಯ ಬೇರೆ. ಗೆಡ್ಡೆ ಮುಳುಗುವಷ್ಟೇ ನೀರಿಟ್ಟು 45ರಿಂದ 60 ನಿಮಿಷ ಬೇಯಿಸಿ. ನೊರೆ ಬಂದು ಅರಿಶಿನದ ಘಮ ಏಳುತ್ತದೆ, ಮೊಂಡು ಕಡ್ಡಿಯಿಂದ ಒತ್ತಿದರೆ ಸಲೀಸಾಗಿ ಒಳಗೆ ಇಳಿಯುತ್ತದೆ, ಅಷ್ಟು ಸಾಕು. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ. ಕಡಿಮೆ ಬೆಂದರೆ ಒಣಗಿದ ಕೊಂಬು ಪುಡಿಪುಡಿಯಾಗಿ ಮುರಿಯುತ್ತದೆ, ಹುಳವೂ ಬೇಗ ಹತ್ತುತ್ತದೆ.

ಬೆಂದದ್ದನ್ನು ಮೂರು ಬೆರಳ ದಪ್ಪಕ್ಕೆ ಹರವಿ 10-15 ದಿನ ಬಿಸಿಲಿಗೆ ಹಾಕಿ. ತುಂಬ ತೆಳ್ಳಗೆ ಹರವಿದರೆ ಬಣ್ಣ ಮಾಸುತ್ತದೆ. ರಾತ್ರಿ ಗುಡ್ಡೆ ಮಾಡಿ ಮುಚ್ಚಿ. ಸರಿಯಾಗಿ ಒಣಗಿದ ಕೊಂಬನ್ನು ಮುರಿದರೆ ಲೋಹ ತಾಗಿದಂತೆ ಟಣ್ ಅನ್ನುತ್ತದೆ. 10 ಕಿಲೋ ಹಸಿ ಗೆಡ್ಡೆಯಿಂದ ಸುಮಾರು 2 ಕಿಲೋ ಸಿಗುತ್ತದೆ. ಮಲೆನಾಡಿನ ಮನೆಗಳಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಕೊನೆಯಲ್ಲಿ: ಒಳಗೆ ತೇವ ಉಳಿದ ಕೊಂಬನ್ನು ಡಬ್ಬಿಗೆ ತುಂಬಿ ಮಳೆಗಾಲ ಕಳೆದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಒರೆಸಿ ಬಳಸಬೇಡಿ, ಎಸೆಯಿರಿ. ವಿಷ ಕಣ್ಣಿಗೆ ಕಾಣುವ ಪದರದಲ್ಲಷ್ಟೇ ಇರುವುದಿಲ್ಲ. ಪುಡಿಯನ್ನು ಎರಡು ಮೂರು ತಿಂಗಳಿಗಾಗುವಷ್ಟು ಮಾತ್ರ ಮಾಡಿಸಿ, ಬೆಳಕು ಬೀಳದ ಡಬ್ಬಿಯಲ್ಲಿಡಿ.

ಅಂಗಡಿ ಪುಡಿಯ ಕಲಬೆರಕೆ ಗೊತ್ತಾಗುವುದು ಹೇಗೆ?

ಒಂದು ಲೋಟ ನೀರಿನ ಮೇಲೆ ಒಂದು ಚಮಚ ಪುಡಿ ಉದುರಿಸಿ, ಕಲಕಬೇಡಿ. ಶುದ್ಧ ಅರಿಶಿನ ತಿಳಿ ಹಳದಿ ಬಿಡುತ್ತಾ ಕೆಳಗೆ ಕೂರುತ್ತದೆ. ಬಣ್ಣ ಬೆರೆಸಿದ್ದು ಇಳಿಯುತ್ತಿದ್ದಂತೆಯೇ ನೀರನ್ನೆಲ್ಲ ಗಾಢ ಹಳದಿ ಮಾಡುತ್ತದೆ. ಮೆಣಸನ್ನು ನೀರಿಗೆ ಹಾಕಿದರೆ ಒಳ್ಳೆಯ ಕಾಳು ಮುಳುಗುತ್ತದೆ, ಪರಂಗಿ ಬೀಜ ಮತ್ತು ಜೊಳ್ಳು ತೇಲುತ್ತವೆ. ಆದರೆ ಅರಿಶಿನಕ್ಕೆ ಬೆರೆಸುವ ಸೀಸದ ಕ್ರೋಮೇಟ್ ಸ್ವಲ್ಪವೇ ಇದ್ದರೆ ಈ ಲೋಟದ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ಸರಿಪಡಿಸಲಾಗದ್ದು. ಕಣ್ಣು ಕೋರೈಸುವ ಹಳದಿಯ ಅಗ್ಗದ ಬಿಡಿ ಪುಡಿಗಿಂತ ಕೊಂಬು ತಂದು ಮಿಲ್ಲಿನಲ್ಲಿ ಪುಡಿ ಮಾಡಿಸುವುದು ಮೇಲು.

ಹಸಿ ಶುಂಠಿ ಒಳ್ಳೆಯದೋ ಒಣ ಶುಂಠಿಯೋ?

ಎರಡರಲ್ಲೂ ಇರುವುದು ಒಂದೇ ಅಂಶ ಅಲ್ಲ. ಹಸಿ ಶುಂಠಿಯ ಖಾರ ಜಿಂಜರಾಲ್‌ನದು. ಒಣಗಿಸುವಾಗ, ಕಾಯಿಸುವಾಗ ಅದು ನೀರಿನ ಅಣು ಕಳೆದುಕೊಂಡು ಶೋಗಾಲ್ ಆಗುತ್ತದೆ. ಶೋಗಾಲ್ ಖಾರದಲ್ಲೂ ಮುಂದು, ಪ್ರಯೋಗಾಲಯದ ಉರಿಯೂತ ಪರೀಕ್ಷೆಗಳಲ್ಲೂ ಮುಂದು. ವಾಕರಿಕೆಗೆ, ಬಾಯಿರುಚಿಗೆ ಹಸಿ ಶುಂಠಿ ಸಾಕು. ಕೀಲು ನೋವಿಗೆ ಪ್ರಯತ್ನಿಸಿ ನೋಡುವವರು ಒಣಶುಂಠಿ ಪುಡಿ ಬಳಸಲಿ, ಅಳತೆಯೂ ಸುಲಭ.

ಒಣಶುಂಠಿ ಪುಡಿ ದಿನಕ್ಕೆ 1ರಿಂದ 2 ಗ್ರಾಂ, ಅಂದರೆ ಅರ್ಧದಿಂದ ಒಂದು ಮಟ್ಟ ಚಮಚ, ಊಟದ ಜೊತೆ ಎರಡು ಭಾಗ ಮಾಡಿ. ಹಸಿ ಶುಂಠಿಯಾದರೆ 10 ಗ್ರಾಂ, ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ತುಂಡು, ಸುಮಾರು 2 ಗ್ರಾಂ ಒಣಶುಂಠಿಗೆ ಸಮ. ಮಂಡಿ ಸವೆತದಲ್ಲಿ ಶುಂಠಿಯಿಂದ ಸಿಗುವ ಲಾಭ ಇದೆ, ಆದರೆ ಸಾಧಾರಣ. ಮುಟ್ಟಿನ ನೋವಿಗೆ ಪುರಾವೆ ಇನ್ನೂ ಚೆನ್ನಾಗಿದೆ: ಮೊದಲ 3-4 ದಿನ ದಿನಕ್ಕೆ 750 ಮಿಲಿಗ್ರಾಂನಿಂದ 2 ಗ್ರಾಂವರೆಗಿನ ಪುಡಿ ಪರೀಕ್ಷೆಗಳಲ್ಲಿ ಕೆಲಸ ಮಾಡಿದೆ. ನೋವು ಜೋರಾದ ಮೇಲಲ್ಲ, ಶುರುವಾಗುತ್ತಿದ್ದಂತೆ ತೆಗೆದುಕೊಳ್ಳಬೇಕು. 4-6 ವಾರ ಸರಿಯಾಗಿ ತೆಗೆದುಕೊಂಡರೂ ಕೀಲು ನೋವಿನಲ್ಲಿ ವ್ಯತ್ಯಾಸ ಕಾಣದಿದ್ದರೆ ಬಿಟ್ಟುಬಿಡಿ, ಪ್ರಮಾಣ ಏರಿಸಬೇಡಿ. 5 ಗ್ರಾಂ ದಾಟಿದರೆ ಎದೆಯುರಿ, ಹುಳಿತೇಗು, ಭೇದಿ ಆಗುವ ಸಾಧ್ಯತೆ ಹೆಚ್ಚು.

ನಮ್ಮ ಕಡೆ ಬೆಳೆಯುವ ರಿಗೋಡಿ ತಳಿಯ ಶುಂಠಿ ರಸಭರಿತ, ಹಸಿ ಮಾರಾಟಕ್ಕೆ ಹೇಳಿ ಮಾಡಿಸಿದ್ದು. ಒಣಗಿಸಿದರೆ ಸುರುಟಿ ತೂಕ ಕಡಿಮೆ ಬರುತ್ತದೆ. ನಾರು ಹೆಚ್ಚಿರುವ ತಳಿಗಳು ಒಣಗಿಸಲು ವಾಸಿ. ಸಿಪ್ಪೆಯನ್ನು ಚಾಕುವಿನಿಂದ ದಪ್ಪಗೆ ಕೆತ್ತಬೇಡಿ, ಬಿದಿರಿನ ಸೀಳಿನಿಂದ ಕೆರೆಯಿರಿ. ಎಣ್ಣೆಯ ಕೋಶಗಳು ಸಿಪ್ಪೆಗೆ ತಾಗಿಕೊಂಡೇ ಇರುತ್ತವೆ. ಕೊಳೆ ರೋಗಕ್ಕೆ ಮದ್ದು ಸುರಿದ ಹೊಲದ ಶುಂಠಿಯಾದರೆ ಚೆನ್ನಾಗಿ ಉಜ್ಜಿ ತೊಳೆದು ಸಿಪ್ಪೆ ಕೆರೆದೇ ಬಳಸಿ. ಅಂಗಡಿಯ ಒಣಶುಂಠಿ ಮೇಲೆ ಬಿಳಿ ಪುಡಿ ಮೆತ್ತಿದ್ದರೆ ಅದು ಸುಣ್ಣ. ತೊಳೆದು, ಒಣಗಿಸಿ, ಆಮೇಲೆ ಕುಟ್ಟಿ.

ಕಷಾಯ ಮಾಡುವ ಸರಿಯಾದ ಕ್ರಮ ಯಾವುದು?

ಒಬ್ಬರಿಗೆ: 10 ಗ್ರಾಂ ಜಜ್ಜಿದ ಹಸಿ ಶುಂಠಿ, 8 ಕಾಳುಮೆಣಸು, ಅರ್ಧ ಚಮಚ ಕೊತ್ತಂಬರಿ ಬೀಜ, 250 ಮಿಲಿ ನೀರು. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 10 ನಿಮಿಷ. ತೆರೆದಿಟ್ಟು ಕುದಿಸಿದರೆ ಮನೆಯೆಲ್ಲ ಘಮಘಮ ಅನ್ನುತ್ತದೆ, ಲೋಟದಲ್ಲಿ ಏನೂ ಉಳಿಯದು. ಅರಿಶಿನ ಹಾಕುವುದಾದರೆ ಹಾಲು ಅಥವಾ ಅರ್ಧ ಚಮಚ ತುಪ್ಪ ಇರಲಿ, ಕೊನೆಯ ಎರಡು ನಿಮಿಷಕ್ಕೆ ಹಾಕಿ. ಬೆಲ್ಲ ಇಳಿಸಿದ ಮೇಲೆ. ಸಕ್ಕರೆ ಕಾಯಿಲೆ ಇರುವವರು ಬೆಲ್ಲವನ್ನು ‘ನೈಸರ್ಗಿಕ’ ಅಂತ ಲೆಕ್ಕದಿಂದ ಬಿಡುವ ಹಾಗಿಲ್ಲ.

ಕಾಫಿಯೂ ಉರಿಯೂತ ತಗ್ಗಿಸುತ್ತದೆ ಅಂತಾರಲ್ಲ?

ಬಾಬಾಬುಡನ್‌ಗಿರಿಯ ಕೆಳಗೆ ಕೂತು ಇದಕ್ಕೆ ಇಲ್ಲ ಅನ್ನಲು ಯಾರಿಗೂ ಮನಸ್ಸು ಬಾರದು. ಹಸಿರು ಕಾಫಿ ಬೀಜದಲ್ಲಿ ಕ್ಲೋರೊಜೆನಿಕ್ ಆಮ್ಲಗಳು ಧಾರಾಳ. ಅರೇಬಿಕಾಗಿಂತ ರೊಬಸ್ಟಾದಲ್ಲಿ ಹೆಚ್ಚು. ಹುರಿದಷ್ಟೂ ಒಡೆಯುತ್ತವೆ, ಕಪ್ಪಗೆ ಹುರಿದ ಪುಡಿಯಲ್ಲಿ ಬಹುಪಾಲು ಹೋಗಿರುತ್ತದೆ. ಹಾಗಾಗಿ ಆ ಅಂಶ ಬೇಕೆನ್ನುವವರು ಹದವಾಗಿ ಹುರಿಸಿ, ಚಿಕೋರಿ ಕಡಿಮೆ ಮಾಡಿಸಿ. ನೂರು ಗ್ರಾಂ ಪುಡಿಯಲ್ಲಿ 40 ಗ್ರಾಂ ಚಿಕೋರಿ ಇದ್ದರೆ ಕುಡಿಯುತ್ತಿರುವುದು ಮುಕ್ಕಾಲು ಕಾಫಿಯೂ ಅಲ್ಲ.

ಕಾಫಿ ಕುಡಿಯುವವರಲ್ಲಿ ಯಕೃತ್ತಿನ ಕಾಯಿಲೆ ಕಡಿಮೆ ಅನ್ನುವುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಕೀಲು ನೋವಿಗೆ ಕಾಫಿ ಮದ್ದು ಎನ್ನಲು ಅಂಥ ಆಧಾರ ಇಲ್ಲ. ಕೊಲೆಸ್ಟ್ರಾಲ್ ಹೆಚ್ಚಿರುವವರಿಗೆ ಒಂದು ಎಚ್ಚರಿಕೆ: ಪುಡಿಯನ್ನು ನೀರಿನಲ್ಲೇ ಕುದಿಸಿ ಸೋಸುವ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಎಣ್ಣೆಯಂಶ ಉಳಿದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ, ಕಾಗದದ ಫಿಲ್ಟರ್ ಅದನ್ನು ಹಿಡಿದಿಡುತ್ತದೆ. ಊಟ ಆದ ಕೂಡಲೇ ಕಾಫಿ ಕುಡಿದರೆ ಸೊಪ್ಪು, ರಾಗಿ, ಕಾಳಿನ ಕಬ್ಬಿಣಾಂಶ ಮೈಗೆ ಹತ್ತುವುದು ಗಣನೀಯವಾಗಿ ತಗ್ಗುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಊಟಕ್ಕೂ ಕಾಫಿಗೂ ನಡುವೆ ಕನಿಷ್ಠ ಒಂದು ಗಂಟೆ ಬಿಡಿ. ಬಸುರಿಯರಿಗೆ ದಿನಕ್ಕೆ ಕೆಫೀನ್ 200 ಮಿಲಿಗ್ರಾಂ ಮಿತಿ. ಗಟ್ಟಿ ಡಿಕಾಕ್ಷನ್ನಿನ ಎರಡು ಲೋಟ ಅಷ್ಟಕ್ಕೆ ಮುಟ್ಟಬಹುದು.

ದೊಡ್ಡಪತ್ರೆ, ಒಂದೆಲಗ, ಲಕ್ಕಿ ಸೊಪ್ಪು?

ದೊಡ್ಡಪತ್ರೆಯ ಘಾಟು ಕಾರ್ವಕ್ರಾಲ್, ಥೈಮಾಲ್‌ಗಳದು. ಒಂದೆಲಗದಲ್ಲಿ ಏಷಿಯಾಟಿಕೊಸೈಡ್ ಇದೆ, ಗಾಯ ಮಾಯುವ ವಿಷಯದಲ್ಲಿ ಇದರ ಮೇಲೆ ಒಳ್ಳೆಯ ಕೆಲಸ ಆಗಿದೆ. ಎರಡೂ ತಂಬುಳಿಗೆ ಸೊಗಸು. ನೋವಿನ ಮದ್ದಾಗಿ ಇವುಗಳ ಮೇಲೆ ಮನುಷ್ಯರಲ್ಲಿ ನಡೆದ ಪರೀಕ್ಷೆ ಕಡಿಮೆ. ಒಂದೆಲಗವನ್ನು ಗದ್ದೆ ಬದುವಿನಿಂದ ಕೊಯ್ದು ತರುವುದಾದರೆ ಕಳೆನಾಶಕ ಹೊಡೆದಿದ್ದಾರಾ ಕೇಳಿ, ಉಪ್ಪು ನೀರಿನಲ್ಲಿ ನೆನೆಸಿ ತೊಳೆಯಿರಿ. ಲಕ್ಕಿ ಸೊಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುವುದರಲ್ಲಿ ಬಿಸಿಯ ಪಾಲೇ ದೊಡ್ಡದು, ತಪ್ಪೇನಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಮಾತ್ರ ಕೊಡಬೇಡಿ. ಬಿಸಿ ಗೊತ್ತಾಗದೆ ಬೊಬ್ಬೆ ಏಳುತ್ತದೆ, ಆ ಗಾಯ ಬೇಗ ಮಾಯುವುದಿಲ್ಲ.

ಹಚ್ಚುವ ಮದ್ದು ಸುರಕ್ಷಿತ ತಾನೆ?

ಎಲ್ಲವೂ ಅಲ್ಲ. ಗುಡ್ಡೆಗೇರಿನ ಎಣ್ಣೆ ಚರ್ಮವನ್ನು ಸುಡುತ್ತದೆ, ಬೊಬ್ಬೆ ಎಬ್ಬಿಸುತ್ತದೆ, ಕೆಲವರಿಗೆ ಮೈಯೆಲ್ಲ ಹಬ್ಬುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಮೆಣಸಿನಕಾಯಿ ಅರೆದು ಹಚ್ಚುವುದೂ ಬೇಡ. ಔಷಧಿ ಅಂಗಡಿಯ ಕ್ಯಾಪ್ಸೈಸಿನ್ ಮುಲಾಮಿನಲ್ಲಿ ಅದು ನೂರಕ್ಕೆ 0.025ರಿಂದ 0.075ರಷ್ಟು ಮಾತ್ರ ಇರುತ್ತದೆ. ದಿನಕ್ಕೆ ಮೂರು ನಾಲ್ಕು ಬಾರಿ, ಎರಡು ವಾರವಾದರೂ ಬಿಡದೆ ಹಚ್ಚಬೇಕು. ಮೊದಲ ದಿನಗಳ ಉರಿಗೆ ಹೆದರಿ ನಿಲ್ಲಿಸಿದರೆ ಉರಿ ಮಾತ್ರ ಸಿಕ್ಕಂತೆ, ಲಾಭ ಸಿಗದು. ಹಚ್ಚಿದ ಮೇಲೆ ಕೈ ಸೋಪಿನಿಂದ ತೊಳೆಯಿರಿ.

ನಮ್ಮ ಕಾಡು-ಬೇಲಿಯ ಯಾವ ಗಿಡಗಳನ್ನು ಮುಟ್ಟಲೇಬಾರದು?

ಮೊದಲನೆಯದು ಗೌರಿ ಹೂವಿನ ಗೆಡ್ಡೆ. ಗೌರಿ ಹಬ್ಬದ ಹೊತ್ತಿಗೆ ಬೇಲಿ ಮೇಲೆ ಬೆಂಕಿಯ ನಾಲಿಗೆಯಂತೆ ಕೆಂಪು-ಹಳದಿ ಎಸಳು ಬಿಡುತ್ತದಲ್ಲ, ಅದೇ. ಅದರಲ್ಲಿ ಕೊಲ್ಚಿಸಿನ್ ಇದೆ. ಗಿಡಮೂಲದ ಉರಿಯೂತ ನಿರೋಧಕಗಳಲ್ಲಿ ಇದರಷ್ಟು ಖಚಿತವಾಗಿ ಕೆಲಸ ಮಾಡುವುದು ಕಡಿಮೆ: ಗೌಟ್‌ಗೆ, ಅಂದರೆ ಯೂರಿಕ್ ಆಮ್ಲದ ಕೀಲೂತಕ್ಕೆ, ವೈದ್ಯರು ಇದನ್ನೇ 0.5 ಮಿಲಿಗ್ರಾಂ ಮಾತ್ರೆಯಾಗಿ ಕೊಡುತ್ತಾರೆ. ಅರ್ಧ ಮಿಲಿಗ್ರಾಂ ಅಂದರೆ ಒಂದು ಹರಳು ಉಪ್ಪಿಗಿಂತ ಹೆಚ್ಚಿಲ್ಲ. ಗೆಡ್ಡೆಯ ಒಂದು ತುಂಡಿನಲ್ಲಿ ಎಷ್ಟಿದೆ ಅಂತ ಯಾರೂ ಕಣ್ಣಳತೆಯಲ್ಲಿ ಹೇಳಲಾರರು. ತಿಂದ ಕೆಲವು ಗಂಟೆಗಳಲ್ಲಿ ವಾಂತಿ-ಭೇದಿ ಶುರುವಾಗುತ್ತದೆ, ನಡುವೆ ಸ್ವಲ್ಪ ಸುಧಾರಿಸಿದಂತೆ ಕಾಣಬಹುದು, ಆಮೇಲೆ ಮೂತ್ರಪಿಂಡ, ಹೃದಯ, ಮೂಳೆಮಜ್ಜೆ ಒಂದೊಂದಾಗಿ ಕೈಕೊಡುತ್ತವೆ. ಇದಕ್ಕೆ ಸುಲಭವಾಗಿ ಸಿಗುವ ಪ್ರತಿವಿಷ ಇಲ್ಲ. ತಿಂದದ್ದು ಗೊತ್ತಾದರೆ ವಾಂತಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಿರಿ, ಗೆಡ್ಡೆಯ ತುಂಡನ್ನೂ ಜೊತೆಗೆ ಇಟ್ಟುಕೊಳ್ಳಿ.

ಎರಡನೆಯದು ಈಶ್ವರಿ ಬೇರು. ವಿಷಕ್ಕೆ, ಜ್ವರಕ್ಕೆ, ಊತಕ್ಕೆ ಅಂತ ತೇಯ್ದು ಕುಡಿಸುವ ರೂಢಿ ಇದೆ. ಅದರಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳು ಮಾಡುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲನೇ ಗುಂಪಿಗೆ ಸೇರಿಸಿದೆ. ಪರಿಣಾಮ ವರ್ಷಗಳ ನಂತರ ಕಾಣುವುದರಿಂದ ಯಾರೂ ಬೇರಿನ ಮೇಲೆ ಅನುಮಾನ ಪಡುವುದಿಲ್ಲ. ಬಳ್ಳಿ ಹಿತ್ತಲಲ್ಲಿದ್ದರೆ ಕೀಳಬೇಕಿಲ್ಲ, ನಮ್ಮ ‘ರಾಜ್ಯ ಚಿಟ್ಟೆ’ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುಗಳಿಗೆ ಅದೇ ಊಟ. ಅವಕ್ಕೇ ಬಿಡಿ.

ಅಮೃತಬಳ್ಳಿ ಈ ಸಾಲಿನದಲ್ಲ, ಆದರೂ ಹುಷಾರು. ಕೋವಿಡ್ ಕಾಲದಲ್ಲಿ ದಿನಾ ಕಷಾಯ ಕುಡಿದವರಲ್ಲಿ ಯಕೃತ್ತಿನ ಉರಿಯೂತ ಕಂಡುಬಂದದ್ದು 2021ರಿಂದ ದೇಶದ ಹಲವು ಆಸ್ಪತ್ರೆಗಳಿಂದ ವರದಿಯಾಗಿದೆ. ರಕ್ಷಣಾ ವ್ಯವಸ್ಥೆಯನ್ನು ಚುರುಕುಗೊಳಿಸುವ ಗಿಡವನ್ನು, ಅದೇ ವ್ಯವಸ್ಥೆ ತಿರುಗಿಬಿದ್ದಿರುವ ರುಮಟಾಯ್ಡ್, ಥೈರಾಯ್ಡ್ ರೋಗಿಗಳು ತೆಗೆದುಕೊಳ್ಳುವುದು ಉಲ್ಟಾ ಹೊಡೆಯಬಹುದು.

ಅರಿಶಿನದ ಕ್ಯಾಪ್ಸೂಲ್, ಉಪ್ಪಾಗೆ ಕ್ಯಾಪ್ಸೂಲ್ ತಗೊಳ್ಳಬಹುದಾ?

ಅಡುಗೆಯ ಅರಿಶಿನದಿಂದ ಯಕೃತ್ತು ಕೆಟ್ಟ ಉದಾಹರಣೆ ಹುಡುಕಿದರೂ ಸಿಗುವುದು ಕಷ್ಟ. ಹೀರಿಕೆ ಹೆಚ್ಚಿಸಿದ ಕ್ಯಾಪ್ಸೂಲ್‌ಗಳಿಂದ ಕೆಟ್ಟದ್ದು ಅಮೆರಿಕ, ಇಟಲಿ, ಆಸ್ಟ್ರೇಲಿಯಾಗಳಲ್ಲಿ ದಾಖಲಾಗಿದೆ. ಎಲ್ಲರಿಗೂ ಆಗುವುದಿಲ್ಲ, ಎಚ್‌ಎಲ್‌ಎ-ಬಿ 35:01 ಎಂಬ ಜೀನ್ ರೂಪ ಇರುವವರಲ್ಲಿ ಹೆಚ್ಚು. ತೂಕ ಇಳಿಸಲು ಮಾರುವ ಗಾರ್ಸೀನಿಯಾ, ಅಂದರೆ ನಮ್ಮ ಉಪ್ಪಾಗೆಯ ಸಾರಕ್ಕೂ ಇದೇ ಜೀನ್ ನಂಟಿದೆ. ಸಾರಿಗೆ ಹಾಕುವ ಉಪ್ಪಾಗೆ ಹುಳಿ ಬೇರೆ ಮಾತು. ಕ್ಯಾಪ್ಸೂಲ್ ಶುರು ಮಾಡಿದ ಮೇಲೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮೈ ತುರಿಸಿದರೆ, ಊಟ ಸೇರದಿದ್ದರೆ ಅಂದೇ ನಿಲ್ಲಿಸಿ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ. ಒಮ್ಮೆ ಹೀಗಾದವರು ಮತ್ತೆ ತೆಗೆದುಕೊಳ್ಳಬಾರದು.

ಯಾರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು?

ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿಟ್ರೋಮ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು. ಇವರು ನೋವಿನ ಬಾಮನ್ನೂ ಮೈತುಂಬ ಬಳಿಯಬಾರದು, ಅದರ ಮೀಥೈಲ್ ಸ್ಯಾಲಿಸಿಲೇಟ್ ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ. ಪಿತ್ತಕೋಶದ ಕಲ್ಲು ಇರುವವರು, ಮೂತ್ರಪಿಂಡ ಕಸಿ ಆದವರು, ಬಸುರಿಯರು (ಅಡುಗೆಯಷ್ಟಕ್ಕೆ ಭಯವಿಲ್ಲ). ಆಪರೇಷನ್‌ಗೆ ಎರಡು ವಾರ ಮುಂಚೆ ಕ್ಯಾಪ್ಸೂಲ್, ಪುಡಿ ಎಲ್ಲ ನಿಲ್ಲಿಸಿ, ತೆಗೆದುಕೊಳ್ಳುತ್ತಿದ್ದ ವಿಷಯವನ್ನು ಅರಿವಳಿಕೆ ವೈದ್ಯರಿಗೆ ತಿಳಿಸಿ.

ನೋವು ಯಾವ ಹಂತ ದಾಟಿದರೆ ಮನೆಮದ್ದು ಬಿಡಬೇಕು?

ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದೆ ಅರ್ಧ ಗಂಟೆಗಿಂತ ಹೆಚ್ಚು ಬಿಗಿದಿದ್ದು, ಎರಡೂ ಕೈಯ ಸಣ್ಣ ಕೀಲುಗಳು ಊದಿ, ಆರು ವಾರ ದಾಟಿದ್ದರೆ ರುಮಟಾಯ್ಡ್ ಪರೀಕ್ಷೆ ಮಾಡಿಸಿ. ಮೆಥೊಟ್ರೆಕ್ಸೇಟ್‌ನಂಥ ಔಷಧಿ ಮೊದಲ ತಿಂಗಳುಗಳಲ್ಲೇ ಶುರುವಾದರೆ ಕೀಲು ಉಳಿಯುತ್ತದೆ. ಒಂದೇ ಕೀಲು ಹಠಾತ್ತನೆ ಊದಿ, ಮುಟ್ಟಿದರೆ ಬಿಸಿಯಾಗಿ, ಜ್ವರವೂ ಬಂದಿದ್ದರೆ ಅದು ಕೀಲಿನೊಳಗಿನ ಕೀವು ಆಗಿರಬಹುದು. ಅದೇ ದಿನ ಆಸ್ಪತ್ರೆ. ಶಾಖ, ತಿಕ್ಕುವುದು, ಲೇಪ ಯಾವುದೂ ಬೇಡ.

ಸಂತೆಯಲ್ಲಿ ಕೊಟ್ಟ ಬೇರಿನ ಪುಡಿ ತಿಂದ ಎರಡೇ ದಿನಕ್ಕೆ ನೋವು ಮಾಯ. ಇದಕ್ಕೇನು ಹೇಳುತ್ತೀರಿ?

ಯಾವ ಗಿಡಮೂಲಿಕೆಯೂ ವರ್ಷಗಳ ಕೀಲು ನೋವನ್ನು ಎರಡು ದಿನದಲ್ಲಿ ಇಳಿಸುವುದಿಲ್ಲ. ಹಾಗೆ ಇಳಿಸುವುದು ಸ್ಟೀರಾಯ್ಡ್ ಅಥವಾ ಡೈಕ್ಲೊಫಿನಾಕ್ ಎಂಬ ನೋವುನಿವಾರಕ. ಪುಡಿಗೆ ಬೆರೆಸಿರುವ ಸಾಧ್ಯತೆ ಹೆಚ್ಚು. ಹಸಿವು ಜೋರಾಗಿ, ಮುಖ ದುಂಡಗೆ ಊದಿ, ಸಕ್ಕರೆ-ಬಿಪಿ ಏರಿ, ಸುಮ್ಮನೆ ತಾಗಿದ ಕಡೆ ಚರ್ಮ ನೀಲಿಗಟ್ಟುತ್ತಿದ್ದರೆ ಸ್ಟೀರಾಯ್ಡ್ ಅಂತಲೇ ತಿಳಿಯಿರಿ. ಕಪ್ಪು ಮಲ ಬಂದರೆ ಜಠರದಲ್ಲಿ ರಕ್ತ ಸೋರುತ್ತಿದೆ, ತಡಮಾಡಬೇಡಿ.

ಕೆಲವು ವಾರಗಳಿಂದ ತಿನ್ನುತ್ತಿದ್ದವರು ಗಾಬರಿಯಿಂದ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿದ್ದಾಗ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತದೆ. ಥಟ್ಟನೆ ಬಿಟ್ಟರೆ ಬಿಪಿ ಕುಸಿದು, ವಾಂತಿಯಾಗಿ, ಪ್ರಜ್ಞೆ ತಪ್ಪಬಹುದು. ಪುಡಿಯ ಪೊಟ್ಟಣವನ್ನೇ ಹಿಡಿದುಕೊಂಡು ಫಿಜಿಷಿಯನ್ ಹತ್ತಿರ ಹೋಗಿ, ಎಷ್ಟು ದಿನ, ದಿನಕ್ಕೆ ಎಷ್ಟು ಚಮಚ ಅನ್ನುವುದನ್ನು ಮುಚ್ಚಿಡದೆ ಹೇಳಿ. ಅವರು ಲೆಕ್ಕ ಹಾಕಿ ಗುರುತಿರುವ ಸ್ಟೀರಾಯ್ಡ್ ಮಾತ್ರೆಗೆ ಬದಲಾಯಿಸಿ, ವಾರ ವಾರಕ್ಕೆ ಇಳಿಸುತ್ತಾ ತರುತ್ತಾರೆ.